ಪೇಟೆಂಟ್ ದಿನಾಂಕವೇ ಬಂದೂಕಿನ ನಂಬರಂತೆ

ಗೆಳೆಯರೇ, ಇಂದು ಬಂದೂಕು ಲೈಸೆನ್ಸ್ ಕಚೇರಿಯ ಗುಮಾಸ್ತರೊಬ್ಬರು ನಮ್ಮ ದೊಡ್ಡಪ್ಪನನ್ನು ಕಳ್ಳನನ್ನಾಗಿ ಮಾಡಿದರು. ತುರುವೇಕೆರೆಯ ನಮ್ಮ ತೆಂಗಿನ ತೋಟದಲ್ಲಿ ಕೋತಿ ಬೆದರಿಸಲು ತಾತನ ಕಾಲದಿಂದ ಲೈಸೆನ್ಸ್ ಇರುವ ಪಾಯಿಂಟ್ ಟೂ ಟೂ ರೈಫಲ್ ಇದೆ. ದೊಡ್ಡಪ್ಪನ ಜೊತೆ ಅದನ್ನು ಹಿಡಿದು ಲೈಸೆನ್ಸ್ ನವೀಕರಣಕ್ಕೆ ಹೋದರೆ ಗುಮಾಸ್ತರು ನಳಿಗೆಯ ಮೇಲಿನ ಅಂಕಿ ಓದಿ, "ಈ ನಂಬರ್ ಹುಳಿಯಾರಿನವರೊಬ್ಬರ ಹೆಸರಲ್ಲೈತೆ. ಇದನ್ನೆಲ್ಲಿ ಎತ್ಕೊಂಡ್ ಬಂದ್ರಿ ಯಜಮಾನ್ರೇ?" ಎಂದರು.

"ಅದು ಪೇಟೆಂಟ್ ದಿನಾಂಕ ಕಣ್ರೀ. ಈ ಮಾದರಿಯ ಎಲ್ಲಾ ರೈಫಲ್ ಮೇಲೂ ಅದೇ ಇರ್ತದೆ. ಆಗ ಇಂಥ ಅಗ್ಗದವಕ್ಕೆ ನಂಬರೇ ಹಾಕ್ತಿರ್ಲಿಲ್ಲ" ಎಂದೆ.

"ನಂಬರಿಲ್ಲದ ಬಂದೂಕು ಇರ್ತದೇನಪ್ಪ? ಸೋಮವಾರ ಮತ್ತೆ ತಂದು ಇಲ್ಲಿ ಒಪ್ಪಿಸಿಬಿಡಿ."

ಆ ದಿನಾಂಕವನ್ನು ನಂಬರೆಂದು ಲೈಸೆನ್ಸ್ ಪುಸ್ತಕದಲ್ಲಿ ಬರೆದದ್ದು ಅವರದೇ ಕಚೇರಿ. ಹುಳಿಯಾರಿನವರನ್ನು ವಿಚಾರಿಸಿದೆ. ಅವರದೂ ಇದೇ ಮಾದರಿ; ಕಚೇರಿಯವರು ಅವರಿಗೂ, "ಇದು ತುರುವೇಕೆರೆಯವರದು" ಎಂದಿದ್ದಾರಂತೆ. ಇಬ್ಬರು ಕಳ್ಳರು ಸಿಕ್ಕಿದ್ದಾರೆ, ಕಳೆದುಕೊಂಡವರು ಮಾತ್ರ ಯಾರೂ ಇಲ್ಲ. ನೀವೂ ಬನ್ನಿ, ಎಲ್ಲರೂ ಒಟ್ಟಿಗೆ ಕಚೇರಿಗೆ ಹೋಗಿ ಕೇಳೋಣ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಕಿಬ್ಬನಹಳ್ಳಿ ಬಸ್ ನಿಲ್ದಾಣ.