ಪ್ಲಗ್ಗಿನ ಚಾ ಬಣ್ಣ

ಗಾಡಿಗೆ ಏನಾಗಿದೆ ಎಂದು ಮೌಲಾಚಾಚಾ ಕೇಳಿದ್ದೇ ಇಲ್ಲ. ಮೊದಲು ಪ್ಲಗ್ಗು ಬಿಚ್ಚಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಅದರ ತುದಿ ನೋಡುತ್ತಿದ್ದರು. ಬೆಳ್ಳಗಿದ್ದರೆ ಎಂಜಿನ್ನಿಗೆ ಎಣ್ಣೆ ಸಾಲದು, ಕಪ್ಪಗಿದ್ದರೆ ಹೆಚ್ಚಾಗಿದೆ. “ಚಾ ಬಣ್ಣ ಇರಬೇಕ್ರಿ ಶೆಟ್ರ, ನೀವು ಮಾರೂ ಚಾದ್ಹಂಗ,” ಎನ್ನುತ್ತಿದ್ದರು.

ಅವರು ವಿಜಾಪುರದ ಕಡೆಯವರು. ವಡಾಲ ಸ್ಟೇಶನ್ನಿನ ಹತ್ತಿರ ಅವರ ಗಾಡಿ ರಿಪೇರಿಯ ತಗಡಿನ ಶೆಡ್ಡು. ನಾನು ಉಡುಪಿಯವನು, ಎಪ್ಪತ್ತರ ದಶಕವಿಡೀ ಪುಟ್ಟ ಟೂ-ಸ್ಟ್ರೋಕ್ ಮೋಟಾರ್ ಸೈಕಲ್ಲಿಗೆ ಚಹಾಪುಡಿಯ ಚೀಲ ಕಟ್ಟಿಕೊಂಡು ಬೊರಿವಲಿವರೆಗಿನ ಹೋಟೆಲುಗಳಿಗೆ ಅಲೆದವನು. ಸಂಜೆಯ ಹೊತ್ತಿಗೆ ಗಾಡಿಗಿಂತ ಮೊದಲು ನನ್ನ ಸೊಂಟ ಕೈಕೊಡುತ್ತಿತ್ತು.

ಆ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು; ಬೆರೆಸಿದರೆ ಹೊಗೆ. ಒಣಹಾಕಿದ ಸೀರೆಗೆಲ್ಲ ವಾಸನೆ ಎಂದು ನಾನಿದ್ದ ಚಾಳಿನ ಹೆಂಗಸರು ದಿನಾ ಬೈಯುತ್ತಿದ್ದರು. ಜಗಳಕ್ಕೆ ತ್ರಾಣವಿಲ್ಲದೆ ಎಣ್ಣೆಯನ್ನೇ ಕಡಿಮೆ ಮಾಡಿದೆ. ವಾರದೊಳಗೆ ಪವಾಯಿಯ ಏರಿನಲ್ಲಿ ಎಂಜಿನ್ನು ಕಚ್ಚಿಕೊಂಡು ನಿಂತಿತು. ಟೆಂಪೋದಲ್ಲಿ ಹೇರಿಕೊಂಡು ಬಂದೆ. ಚಾಚಾ ಗೀರುಬಿದ್ದ ಪಿಸ್ಟನ್ ತೆಗೆದು ನನ್ನ ಕೈಗಿಟ್ಟರು.

“ಇದಕ್ಕ ಬ್ಯಾರೆ ಎಣ್ಣಿ ಎಲ್ಲೈತ್ರಿ? ಪೆಟ್ರೋಲ್ ಜೋಡಿ ಹೋದದ್ದಷ್ಟ. ಬಾಯಾಗ ಉಗುಳಿಲ್ದ ರೊಟ್ಟಿ ನುಂಗ್ತೀರೇನು?”

ಆಮೇಲೆ ಹೆದರಿ, ಅಳತೆ ಮೀರಿಯೇ ಸುರಿಯತೊಡಗಿದೆ.

ಕೊನೆಯ ಸಲ ಹೋದಾಗ ಗಾಡಿ ಕೆಮ್ಮುತ್ತಿತ್ತು. ಚಾಚಾ ಪ್ಲಗ್ಗನ್ನು ಬಹಳ ಹೊತ್ತು ಬಿಸಿಲಿಗೆ ಹಿಡಿದೇ ಇದ್ದರು. ಕೊನೆಗೆ ನನ್ನತ್ತ ಚಾಚಿದರು. “ಕಣ್ಣಿಗಿ ಪೊರಿ ಬಂದೈತ್ರಿ. ಯಾರ ಮುಂದೂ ಅನಬ್ಯಾಡ್ರಿ, ಗಿರಾಕಿ ಬಿಟ್ಟು ಹೋಗ್ತಾರ. ಬಣ್ಣ ನೀವ ಹೇಳ್ರಿ.”

ಪ್ಲಗ್ಗು ಮಸಿಗಪ್ಪು. ತಪ್ಪು ನನ್ನದೇ. ಇನ್ನೂ ಮೂರು ಹೋಟೆಲು ಬಾಕಿಯಿದ್ದವು. ಮತ್ತೆ ಬೈಸಿಕೊಳ್ಳುವ ಚೈತನ್ಯ ನನಗಿರಲಿಲ್ಲ. “ಚಾ ಬಣ್ಣವೇ ಉಂಟು ಚಾಚಾ. ಬೇರೆ ಏನಾದರೂ ನೋಡಿ,” ಎಂದೆ.

ಅವರು ನಂಬಿದರು. ಕಾರ್ಬ್ಯುರೇಟರ್ ಬಿಚ್ಚಿದರು, ಪಾಯಿಂಟ್ ಉಜ್ಜಿದರು, ಸೈಲೆನ್ಸರ್ ಕೊಡವಿದರು. ಎರಡು ತಾಸು ಬೆರಳಿನಿಂದಲೇ ತಡಕಾಡಿದರು. ಬಾಯಿಬಿಡಬೇಕೆನ್ನಿಸಿತು, ಬಿಡಲಿಲ್ಲ. ಕೊನೆಗೆ ಪ್ಲಗ್ಗು ತಿರುಗಿ ಕೂರಿಸಲೆಂದು ಎತ್ತಿಕೊಂಡವರು ತುದಿಯನ್ನು ಹೆಬ್ಬೆರಳಿನಿಂದ ತಿಕ್ಕಿ, ಮೂಗಿಗೆ ಹಿಡಿದರು.

“ಹಸಿ ಮಸಿ,” ಎಂದರು. ಬೆರಳನ್ನು ಚಿಂದಿಗೆ ಒರೆಸಿಕೊಂಡು, “ಇನ್ಮ್ಯಾಲೆ ನಾ ಯಾರನ್ನ ಕೇಳ್ಲಿ, ಶೆಟ್ರ?”

ನಾಚಿಕೆಯಿಂದ ಕುಗ್ಗಿಹೋದೆ. ಅವರು ಬೈಯಲಿಲ್ಲ, ಪ್ಲಗ್ಗು ಒರೆಸಿ ಕೂರಿಸಿದರು.

ಅಂದಿನಿಂದ ಎಣ್ಣೆಯನ್ನು ಅಳತೆಗೆ ಸರಿಯಾಗಿ ಬೆರೆಸಿದೆ. ತಿಂಗಳ ಮೇಲೆ ಬಿಚ್ಚಿ ನೋಡಿದರೆ ಪ್ಲಗ್ಗು ಚಾ ಬಣ್ಣಕ್ಕೆ ಬಂದಿತ್ತು. ಅದನ್ನೇ ಜೇಬಿಗೆ ಹಾಕಿಕೊಂಡು, ಗಾಡಿಯನ್ನು ಚಾಳಿನಲ್ಲೇ ಬಿಟ್ಟು, ನಡೆದುಕೊಂಡು ಶೆಡ್ಡಿಗೆ ಹೋದೆ. ಬೀಗ ಹಾಕಿತ್ತು. ಚಾಚಾ ಊರಿಗೆ ಹೋಗಿ ಎರಡು ವಾರವಾಯಿತೆಂದು ಪಕ್ಕದ ಪಾನ್ ಅಂಗಡಿಯವನು ಹೇಳಿದ.