ಸುಮ್ಮನಿರದ ಬೆರಳುಗಳು

ಬಂಟ್ವಾಳದಲ್ಲಿ ನಮ್ಮ ನೆರೆಮನೆಯ ಅಜ್ಜಿ ಬೀಡಿ ಕಟ್ಟುತ್ತಿದ್ದರು. ಯಾರು ಏನು ಕೇಳಿದರೂ, "ನನ್ನದೇನುಂಟು ಮಗಾ" ಎನ್ನುವರು. ಮನೆ ತೆರಿಗೆಗಾಗಿ ಹಿಂದಿನ ವರ್ಷ ತಾಮ್ರದ ಹಂಡೆ ಮಾರಿದ್ದರು. ಆದಾಯವಿಲ್ಲದ ಮುದುಕರಿಗೆ ಪಂಚಾಯತಿ ತೆರಿಗೆ ಬಿಡುತ್ತದೆಂದು ತಿಳಿದು ನಾನೇ ಅವರ ಅರ್ಜಿ ಬರೆದುಕೊಟ್ಟೆ.

ಗುಮಾಸ್ತರು ವಿಚಾರಣೆಗೆ ಬಂದಾಗ ಬೀಡಿಯ ಮೊರ ಮಂಚದಡಿ ಸೇರಿತ್ತು.

"ದೊಡ್ಡ ನೆರೆ ಬಂದಾಗ ನಿಮಗೆ ಮಕ್ಕಳೆಷ್ಟು?"

"ಮೂವರು."

ಜನನ ಪತ್ರವಿಲ್ಲದ ಅಜ್ಜಿಯ ಪ್ರಾಯ ಅಲ್ಲಿಗೆ ಸಾಬೀತಾಯಿತು.

"ಸಂಪಾದನೆ ಉಂಟಾ?"

"ನನ್ನದೇನುಂಟು ಮಗಾ."

ಹೇಳುತ್ತಿದ್ದಂತೆಯೇ ಅಜ್ಜಿಯ ಬೆರಳುಗಳು ಸೆರಗಿನ ತುದಿಯನ್ನು ಬೀಡಿ ಎಲೆಯಂತೆ ಸುರುಳಿ ಸುತ್ತಿ, ಉಗುರಿನಿಂದ ಅದರ ಬಾಯಿ ಮಡಚಿದವು. ಗುಮಾಸ್ತರ ಪೆನ್ನು ನಿಂತಿತು. ಆದಾಯವಿಲ್ಲವೆಂದು ಬರೆದವಳು ನಾನು.

ಗುಮಾಸ್ತರು ತಲೆಯೆತ್ತದೆ ಹೇಳಿದರು: "ಅಜ್ಜಿ, ನಾನು ಬರೆದು ಮುಗಿಸುವವರೆಗೆ ಆ ಕೈಯ ಮೇಲೆ ಕುಳಿತುಕೊಳ್ಳಿ ಮಾರಾಯ್ರೆ."