ನನ್ನ ನಂಬರಿನ ರಕ್ತ

ಕೊರೋನಾ ಗಲಾಟೆ ಮುಗಿದು ಜನ ಮಾಸ್ಕನ್ನು ಮರೆತಿದ್ದ ವರ್ಷ ಅದು. ಜಯನಗರದ ಒಂದು ಲ್ಯಾಬಿನಲ್ಲಿ ನಾನು ಆಗಲೇ ಹನ್ನೆರಡು ವರ್ಷಗಳಿಂದ ಸಂಧಿವಾತದ ಸಂಶೋಧನೆ ಮಾಡುತ್ತಿದ್ದೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ಹಾಳುಮಾಡುವುದು ಏಕೆ ಎಂಬುದೇ ನನ್ನ ವಿಷಯ.

ರೋಗಿಗಳ ರಕ್ತದ ಜೊತೆ ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕು. ಅದಕ್ಕೆ ಹೊರಗೆಲ್ಲೂ ಹುಡುಕುವುದಿಲ್ಲ, ಲ್ಯಾಬಿನವರೇ ಕೈ ಚಾಚುತ್ತೇವೆ. ಆ ಸೋಮವಾರ ಕೊಟ್ಟವರು ಇಬ್ಬರು: ನಾನು ಮತ್ತು ನಮ್ಮಲ್ಲಿ ನೆಲ ಒರೆಸುವ ಮಂಜುಳಕ್ಕ. ಎರಡೂ ಟ್ಯೂಬಿಗೆ ನಂಬರ್ ಚೀಟಿ ಅಂಟಿಸಿದ್ದು ನಾನೇ, ಫೋನಿನಲ್ಲಿ ಮಾತಾಡುತ್ತಾ.

ಗುರುವಾರ ಫಲಿತಾಂಶ ಬಂತು. ನನ್ನ ನಂಬರಿನ ರಕ್ತದಲ್ಲಿ ಸಂಧಿವಾತದವರಲ್ಲಿ ಕಾಣುವ ಪ್ರತಿಕಾಯ, ಅಂದರೆ ಆಂಟಿಬಾಡಿ ಇತ್ತು, ಅದೂ ಬಹಳ ಹೆಚ್ಚು. ಬೇರೆಯವರಾಗಿದ್ದರೆ ಗೂಗಲ್‌ನಲ್ಲಿ ಹುಡುಕಿ ಏನೋ ಸಮಾಧಾನ ಮಾಡಿಕೊಳ್ಳುತ್ತಿದ್ದರು. ನನಗೆ ಆ ಭಾಗ್ಯವೂ ಇರಲಿಲ್ಲ. ಸೊಟ್ಟಗಾದ ಬೆರಳುಗಳ ಎಕ್ಸ್‌ರೇಗಳನ್ನು ಎಷ್ಟು ನೋಡಿರಲಿಲ್ಲ ನಾನು!

ವಸಂತಪುರದ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಎಚ್ಚರವಾದ ಕೂಡಲೇ ಹೊದಿಕೆಯೊಳಗೇ ಮುಷ್ಟಿ ಕಟ್ಟಿ ಬಿಚ್ಚಿ ನೋಡುವುದೇ ಕೆಲಸವಾಯಿತು. ಚಪಾತಿ ಲಟ್ಟಿಸುವಾಗ ಮಣಿಕಟ್ಟು ನೋಯುತ್ತಿದೆ ಅನ್ನಿಸಿ ಲಟ್ಟಣಿಗೆ ಕೆಳಗಿಟ್ಟೆ. "ಏನಾಯ್ತೇ? ಕೈನೇ ನೋಡ್ಕೊಂಡ್ ನಿಂತಿದೀಯಲ್ಲ?" ಎಂದ ಗಂಡನ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಸೋಮವಾರ ಮತ್ತೆ ರಕ್ತ ಕೊಟ್ಟು ಪರೀಕ್ಷೆ ಮಾಡಿದೆ. ಏನೂ ಇಲ್ಲ! ಮೊದಲ ಸಲ ಚೀಟಿ ಅದಲುಬದಲಾಗಿತ್ತು. ಹೋದ ಜೀವ ಬಂದಂತಾಗಿ ಒಬ್ಬಳೇ ಕುಳಿತು ಜೋರಾಗಿ ನಕ್ಕುಬಿಟ್ಟೆ.

ನಗು ಮುಗಿಯುವ ಮೊದಲೇ ಹೊಳೆಯಿತು. ಅಂದು ಇದ್ದದ್ದು ಎರಡೇ ಟ್ಯೂಬು.

ಕಾರಿಡಾರಿನಲ್ಲಿ ಮಂಜುಳಕ್ಕ ನೆಲ ಒರೆಸುತ್ತಿದ್ದರು. ಹತ್ತಿರ ಹೋದೆ. "ಅಕ್ಕಾ, ಬೆಳಿಗ್ಗೆ ಎದ್ದಾಗ ಕೈ ಹಿಡ್ಕೊಳುತ್ತಾ?" ಎಂದೆ.

"ಹೂಂ ಮೇಡಂ. ಒಂದೊಂದಿನ ಮಾಪ್ ಹಿಂಡಕ್ಕೇ ಆಗಲ್ಲ. ವರ್ಷದ ಮೇಲಾಯ್ತು. ನಿಮಗ್ಯಾರ್ ಹೇಳಿದ್ರು?"

ಮರುದಿನವೇ ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋದೆ. ಸಂಧಿವಾತವೇ ಎಂದು ಖಚಿತವಾಯಿತು. ಈಗ ಔಷಧಿ ತೆಗೆದುಕೊಳ್ಳುತ್ತಿದ್ದಾರೆ, ಕೈ ಎಷ್ಟೋ ಪರವಾಗಿಲ್ಲ. ನನ್ನ ಮೇಲೆ ಅವರಿಗೆ ಕೋಪವೂ ಇಲ್ಲ.

ರಕ್ತ ಕೊಡುವ ಮೊದಲು ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಫಾರ್ಮು ತುಂಬಬೇಕು. ಮಂಜುಳಕ್ಕನ ಫಾರ್ಮಿನಲ್ಲಿ 'ಕೀಲುನೋವು ಇದೆಯೇ?' ಎಂಬಲ್ಲಿ 'ಇಲ್ಲ' ಎಂದು ಬರೆದದ್ದು ನಾನು. ಅವರನ್ನು ಕೇಳಿಯೇ ಇರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಬಗ್ಗೆಯೇ ಹೆದರಿಕೆಯಾಗುತ್ತದೆ.